ಕೊನೆಯ ಪತ್ರಕ್ಕೆ ಮುಂಚಿನ ಪತ್ರ

ರೋಹಿತ್ ವೇಮುಲನ ಕೊನೆಯ ಪತ್ರವನ್ನು ನಾವೆಲ್ಲ ಓದಿದ್ದೇವೆ. 2016ರ ಜನವರಿ 17ರಂದು ಅವನು ತೀರಿಕೊಂಡ ಮೇಲೆ ಅದು ಕನ್ನಡಕ್ಕೂ ಬಂತು, ಸಾಹಿತ್ಯವೆಂದೂ ಚರ್ಚೆಯಾಯಿತು. ಅದಕ್ಕೆ ಒಂದು ತಿಂಗಳ ಮುಂಚೆ, 2015ರ ಡಿಸೆಂಬರ್ 18ರಂದು, ಅವನು ಹೈದರಾಬಾದ್ ವಿಶ್ವವಿದ್ಯಾಲಯದ ಕುಲಪತಿಗೆ ಇನ್ನೊಂದು ಪತ್ರ ಬರೆದಿದ್ದ. ದಲಿತ ವಿದ್ಯಾರ್ಥಿಗಳಿಗೆ ಪ್ರವೇಶ ಕೊಡುವಾಗಲೇ ಸಾಯುವ ಸಾಧನವನ್ನೂ ಕೊಟ್ಟುಬಿಡಿ, ತನ್ನಂಥವರಿಗೆ ದಯಾಮರಣದ ಏರ್ಪಾಡು ಮಾಡಿ ಎಂಬುದು ಅದರ ಧಾಟಿ. ಕೊನೆಯ ಪತ್ರಕ್ಕೆ ಕೊಟ್ಟಷ್ಟು ಗಮನವನ್ನು ನಮ್ಮ ವಿಮರ್ಶೆ ಈ ಪತ್ರಕ್ಕೆ ಕೊಡಲಿಲ್ಲ. ಯಾಕೆ?

ಅದನ್ನು ವ್ಯಂಗ್ಯ ಎಂದು ಓದಿದ್ದರಿಂದ. ಸಿಟ್ಟು, ವ್ಯಂಗ್ಯ, ಪ್ರತಿಭಟನೆ ಇವು ದಲಿತ ಸಾಹಿತ್ಯವನ್ನು ಓದಲು ನಾವೇ ಕಟ್ಟಿಕೊಂಡ ಮಾನದಂಡಗಳು. ವ್ಯಂಗ್ಯ ಎಂದು ಗುರುತಿಸಿದ ಕೂಡಲೇ ಓದು ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಅಧಿಕಾರದ ಎದುರು ಅಳಲಾರದವನು ವ್ಯಂಗ್ಯದಲ್ಲೇ ಸಾವಿನ ಮಾತಾಡುತ್ತಾನೆ. ಅದು ವ್ಯಂಗ್ಯವೂ ಹೌದು, ಮುನ್ಸೂಚನೆಯೂ ಹೌದು.

ಆಮೇಲಿನ ಓದುಗಳೂ ಅಷ್ಟೆ. ಒಂದು ಓದು 'ಖಿನ್ನತೆ' ಎಂದು ಹೇಳಿ ಹಾಸ್ಟೆಲಿನಿಂದ ಹೊರಹಾಕಿದ್ದನ್ನು, ನಿಂತುಹೋದ ಫೆಲೋಶಿಪ್ಪನ್ನು, ಜಾತಿಯನ್ನು ಅಳಿಸಿತು. ಇನ್ನೊಂದು ಅವನನ್ನು ಹುತಾತ್ಮನನ್ನಾಗಿ ಮಾಡಿ, ಸಾವನ್ನೇ ಪ್ರತಿಭಟನೆಯ ತುದಿ ಎಂಬಂತೆ ಕಂಡಿತು. 2024ರಲ್ಲಿ ತೆಲಂಗಾಣ ಪೊಲೀಸರ ವರದಿ ಅವನ ಜಾತಿ ಪ್ರಮಾಣಪತ್ರವನ್ನು ಓದಿತು. ಈ ಮೂರು ಓದಿಗೂ ಸತ್ತ ಹುಡುಗನೇ ಬೇಕು. ಬದುಕಿರುವವನನ್ನು ಓದುವ ಕ್ರಮ ನಮ್ಮಲ್ಲಿದೆಯೇ ಎಂಬುದು ನನ್ನ ಪ್ರಶ್ನೆ.

ಬದುಕಿರುವವನ ಪಠ್ಯ ಸಣ್ಣ ಸಣ್ಣ ಮಾತಿನಲ್ಲಿರುತ್ತದೆ. "ನಾನು ಇಲ್ದಿದ್ರೆ ಮನೇಲಿ ಎಲ್ರಿಗೂ ಹಗುರ." "ಸಾಕಾಗೋಯ್ತು ಕಣಣ್ಣಾ." ಮೆಸ್ಸಿಗೆ ಬರುವುದು ನಿಲ್ಲುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ, ಕುಡಿತ ಹೆಚ್ಚುತ್ತದೆ. ಮೆಚ್ಚಿನ ಪುಸ್ತಕಗಳನ್ನು ಹಂಚಿಬಿಡುತ್ತಾನೆ, ಇದ್ದಕ್ಕಿದ್ದಂತೆ ಸಾಲದ ಲೆಕ್ಕ ಚುಕ್ತಾ ಮಾಡುತ್ತಾನೆ. ತಿಂಗಳುಗಟ್ಟಲೆ ಒದ್ದಾಡಿದವನು ಒಂದು ದಿನ ವಿಚಿತ್ರವಾಗಿ ಶಾಂತನಾಗುತ್ತಾನೆ. ಸದ್ಯ, ಸರಿಹೋದ ಎಂದು ನಾವು ಉಸಿರು ಬಿಡುತ್ತೇವೆ. ಇವುಗಳಲ್ಲಿ ಒಂದೇ ಕಂಡರೆ ಏನೂ ಅರ್ಥವಿಲ್ಲದಿರಬಹುದು. ಅವಮಾನ, ಅಮಾನತು, ಫೇಲು, ನಿಂತ ಸ್ಕಾಲರ್‌ಶಿಪ್ಪಿನ ಜೊತೆ ಎರಡು ಮೂರು ಸೇರಿದರೆ ತಡಮಾಡಬಾರದು.

ಆಗ ನಾವು ಹೇಳುವುದೇನು? "ಬಾಬಾಸಾಹೇಬರು ಪಟ್ಟ ಕಷ್ಟದ ಮುಂದೆ ನಿಂದೇನಯ್ಯಾ?" ಈ ಮಾತು ಧೈರ್ಯ ಕೊಡುವುದಿಲ್ಲ, ಬಾಯಿ ಮುಚ್ಚಿಸುತ್ತದೆ. ಬರೋಡದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ತಮ್ಮನ್ನು ಹೊರಹಾಕಿದ್ದನ್ನು ನೆನೆದರೆ 18 ವರ್ಷದ ನಂತರವೂ ಕಣ್ಣಲ್ಲಿ ನೀರು ಬರುತ್ತದೆ ಎಂದು ಬರೆದವರು ಅದೇ ಅಂಬೇಡ್ಕರ್. ಅವರು ಬರೆದಿಟ್ಟ ಕಣ್ಣೀರನ್ನು ನಾವು ಚಳವಳಿಯಿಂದ ಯಾಕೆ ಒರೆಸಿಬಿಟ್ಟೆವು?

ಕೇಳಬೇಕಾದ್ದು ನೇರವಾದ ಪ್ರಶ್ನೆ: "ಸಾಯೋ ಯೋಚನೆ ಬರ್ತಿದೆಯೇನಪ್ಪಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳಿದವರಿದ್ದಾರೆ ಅನ್ನುವುದೇ ಅನೇಕರಿಗೆ ಹಗುರ. ಹೌದು ಅಂದರೆ ಉಪದೇಶ ಬೇಡ, ವಾದ ಬೇಡ. ಅವನ ಮಾತು ಪೂರ್ತಿ ಕೇಳಬೇಕು. ಹೇಗೆ, ಯಾವಾಗ ಎಂದು ತೀರ್ಮಾನಿಸಿದ್ದರೆ ಒಂಟಿಯಾಗಿ ಬಿಡಬಾರದು, ಅಪಾಯದ ವಸ್ತುಗಳನ್ನು ದೂರ ಮಾಡಬೇಕು, ಆಸ್ಪತ್ರೆಗೆ ಜೊತೆಯಲ್ಲೇ ಹೋಗಬೇಕು. "ಯಾರಿಗೂ ಹೇಳಬೇಡ" ಎಂಬ ಆಣೆಗೆ ಕಟ್ಟುಬೀಳಬಾರದು. ಆದರೆ ಯಾರಿಗೆ ಹೇಳುತ್ತೇವೆ ಎನ್ನುವಲ್ಲಿ ಜಾತಿಯೂ ಇದೆ: ಅವಮಾನಿಸಿದ ವಾರ್ಡನ್ನಿಗೇ ಹೇಳಿದರೆ ಹುಡುಗ ಇನ್ನಷ್ಟು ಒಳಸರಿಯುತ್ತಾನೆ. ಅವನು ನಂಬುವ ಮೇಷ್ಟ್ರೋ, ಅಕ್ಕನೋ, ಸಂಘಟನೆಯ ಹಿರಿಯರೋ ಬೇಕು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಮಾರನೆಯ ದಿನ, ಮಾರನೆಯ ವಾರ ಮತ್ತೆ ಹೋಗಿ "ಊಟ ಆಯ್ತಾ?" ಎಂದು ಕೇಳುವುದೂ ಚಿಕಿತ್ಸೆಯ ಭಾಗವೇ.

ಪೊಲೀಸ್ ಕೇಸಾಗುತ್ತದೆಂದು ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ಹೊರಿಸಿದೆ.

ಇಷ್ಟರಿಂದ ವಿಶ್ವವಿದ್ಯಾಲಯದ ಹೊಣೆ ತೀರುವುದಿಲ್ಲ. ಕೊನೆಯ ಪತ್ರದಲ್ಲೂ ರೋಹಿತ್ 7 ತಿಂಗಳ ಫೆಲೋಶಿಪ್ 1 ಲಕ್ಷ 75 ಸಾವಿರ ಬರಬೇಕೆಂದು ಲೆಕ್ಕ ಬರೆದಿದ್ದ. ಗೆಳೆಯರ ಪ್ರೀತಿ ಆ ಬಾಕಿಗೆ ಬದಲಿಯಲ್ಲ. ಹುಡುಗನ ಪಕ್ಕದಲ್ಲಿ ಕೂರುವುದು, ಅವನ ಹಣಕ್ಕಾಗಿ ಕಚೇರಿಯ ಎದುರು ಕೂರುವುದು ಎರಡೂ ಒಂದೇ ಕೆಲಸ. ಕೊನೆಯ ಪತ್ರಗಳನ್ನು ಚೆನ್ನಾಗಿ ಓದುವುದನ್ನು ನಾವು ಕಲಿತಿದ್ದೇವೆ. ದಲಿತ ವಿಮರ್ಶೆ ಇನ್ನು ಕಲಿಯಬೇಕಾದ್ದು ಡಿಸೆಂಬರಿನ ಪತ್ರಗಳನ್ನು ಡಿಸೆಂಬರಿನಲ್ಲೇ ಓದುವುದನ್ನು.