ಸಂವಾದ: ವಿಭಾಗದ ಕೆಲಸವೋ, ಸಭೆಯ ಬದುಕೋ?

ನಮ್ಮ ಸಭೆಗಳ ಆಡಳಿತದಲ್ಲಿ ಸಭೈಕ್ಯಕ್ಕೂ ಅಂತರ್ಧರ್ಮೀಯ ಸಂವಾದಕ್ಕೂ ಒಂದು ಮೇಜು, ಒಬ್ಬ ಕಾರ್ಯದರ್ಶಿ, ಒಂದಿಷ್ಟು ಹಣ ದೊರೆತಿರುವುದು ಸಣ್ಣ ಸಾಧನೆಯಲ್ಲ. ಆದರೆ ಆ ಮೇಜಿಗೂ ರಾಜಾಜಿನಗರದ ಅಥವಾ ಕೆಂಗೇರಿಯ ಒಬ್ಬ ಸಭಾಪಾಲಕನ ವಾರದ ಕೆಲಸಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ನಾವು ವಿಮರ್ಶೆಗೆ ಒಳಪಡಿಸಿಲ್ಲ. ಈ ಪ್ರಶ್ನೆಯನ್ನು ಕನ್ನಡ ನಾಡಿನವರೇ ಆದ ಸ್ಟ್ಯಾನ್ಲಿ ಸಮರ್ಥರ ಕಾರ್ಯದ ಮೂಲಕ ನೋಡುವುದು ಉಚಿತ.

1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಬಾಸೆಲ್ ಮಿಶನ್ ಪರಂಪರೆಯಲ್ಲಿ ಬೆಳೆದು, ಮಂಗಳೂರಿನ ಸೆಮಿನರಿಯ ಪ್ರಾಂಶುಪಾಲರಾಗಿದ್ದ ಸಮರ್ಥರು, ಜಾಗತಿಕ ಸಭೆಗಳ ಒಕ್ಕೂಟವು 1971ರಲ್ಲಿ ಸಂವಾದಕ್ಕೆಂದು ತೆರೆದ ಉಪವಿಭಾಗದ ಮೊದಲ ನಿರ್ದೇಶಕರಾದರು. 1975ರ ನೈರೋಬಿ ಮಹಾಸಭೆಯಲ್ಲಿ ಈ ಕಾರ್ಯ ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಸಂವಾದವೆಂದರೆ ಧರ್ಮಗಳ ಕಲಬೆರಕೆ, ಸುವಾರ್ತಾ ಸೇವೆಗೆ ಎಸಗಿದ ದ್ರೋಹ ಎಂಬ ಭಯ ಅಲ್ಲಿ ಎದ್ದಿತು. 1977ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಸೇರಿದ ಸಮಾಲೋಚನೆ ಆ ಭಯಕ್ಕೆ ಕೊಟ್ಟ ಉತ್ತರ ಗಮನಾರ್ಹ. ಅದು ಸಿದ್ಧಾಂತಗಳ ಹೋಲಿಕೆಯಿಂದ ಆರಂಭಿಸಲಿಲ್ಲ. ಸಮುದಾಯದಿಂದ, ಒಂದೇ ನೆಲದಲ್ಲಿ ಬಾಳುವವರ ಒಡನಾಟದಿಂದ ಆರಂಭಿಸಿತು. ಸಂವಾದವು ಮತಪ್ರಸಾರದ ಗುಪ್ತಾಸ್ತ್ರವಲ್ಲವೆಂದೂ ಸ್ಪಷ್ಟಪಡಿಸಿತು. 1979ರ ಮಾರ್ಗಸೂಚಿ ಹುಟ್ಟಿದ್ದು ಇಲ್ಲಿಂದಲೇ.

ತೊಡಕು ಇಲ್ಲಿಯೇ ಇದೆ. ಸಮುದಾಯವೇ ಸಂವಾದದ ನೆಲೆ ಎಂದು ಸಾರಿದ ಚಿಂತನೆ ಕಾರ್ಯರೂಪಕ್ಕೆ ಬಂದದ್ದು ಜಿನೀವಾದ ಕಚೇರಿಯೊಂದರ ಮೂಲಕ. ಸಮರ್ಥರ ಬರಹಗಳಲ್ಲಿ ದೇವಶಾಸ್ತ್ರೀಯ ಧೈರ್ಯ ಎಷ್ಟಿದೆಯೋ, ಸ್ಥಳೀಯ ಸಭೆಯ ರಚನೆಯ ಬಗೆಗಿನ ಚಿಂತನೆ ಅಷ್ಟಿಲ್ಲವೆಂದೇ ನನ್ನ ಅಭಿಪ್ರಾಯ. ನಾವು ಅವರಿಂದ ಕಚೇರಿಯನ್ನು ಪಡೆದುಕೊಂಡೆವು, ಧೈರ್ಯವನ್ನು ಅಲ್ಲಿಯೇ ಬಿಟ್ಟೆವು.

ಎರಡನೆಯ ತೊಡಕು ವಿಭಜನೆಯದು. ರೋಮ್ 1960ರಲ್ಲಿ ಕ್ರೈಸ್ತ ಐಕ್ಯಕ್ಕೆ, 1964ರಲ್ಲಿ ಅನ್ಯಧರ್ಮೀಯರ ಸಂಬಂಧಕ್ಕೆ ಪ್ರತ್ಯೇಕ ಕಾರ್ಯಾಲಯಗಳನ್ನು ಸ್ಥಾಪಿಸಿತು. ದೀಕ್ಷಾಸ್ನಾನದಲ್ಲಿ ಒಂದಾದವರ ಸಂಬಂಧ ಬೇರೆ, ನೆರೆಯವರ ಸಂಬಂಧ ಬೇರೆ. ದೇವಶಾಸ್ತ್ರದಲ್ಲಿ ಇದು ಸರಿಯೇ. ಬೀದಿಯಲ್ಲಿ ಇದು ನಿಲ್ಲುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ಸ್ವತಂತ್ರ ಸಭೆಗಳ ಪ್ರಾರ್ಥನಾ ಮಂದಿರಗಳೂ ಕಥೋಲಿಕ ಮಠವೂ ಒಟ್ಟಿಗೇ ಪೆಟ್ಟು ತಿಂದವು. ದಾಳಿ ಮಾಡಿದವರು ನಮ್ಮ ವಿಭಾಗಗಳ ಪಟ್ಟಿಯನ್ನು ನೋಡಿರಲಿಲ್ಲ. ನಮ್ಮ ಸಭೈಕ್ಯವಾದರೋ ಜನವರಿ 18ರಿಂದ 25ರವರೆಗಿನ ಪ್ರಾರ್ಥನಾ ವಾರದಲ್ಲಿ ಹಳೆಯ ಸಭೆಗಳು ಪೀಠ ಬದಲಿಸಿಕೊಳ್ಳುವುದಕ್ಕೆ ಮುಗಿಯುತ್ತದೆ. (ಗಾಯನ ವೃಂದಗಳಿಗೆ ಒಳ್ಳೆಯ ಅಭ್ಯಾಸವಾಗುತ್ತದೆ, ನಿಜ.) ಬಾಡಿಗೆಯ ಮಹಡಿಯಲ್ಲಿ ಸೇರುವ ಸ್ವತಂತ್ರ ಸಭೆಯ ಬೋಧಕನನ್ನು ಆ ವಾರ ಯಾರು ಕರೆಯುತ್ತಾರೆ? ಆತನ ಬಗ್ಗೆ ನಮಗೆ ಮುಜುಗರವಿದೆ. ನೆರೆಯ ಹಿಂದೂಗಳ ಮುಂದೆ ಆತನಿಂದ ದೂರವಿದ್ದೇವೆಂದು ತೋರಿಸಿಕೊಳ್ಳುವುದೇ ಕೆಲವೊಮ್ಮೆ ನಮ್ಮ ಸಂವಾದವಾಗಿಬಿಡುತ್ತದೆ. ಮತಾಂತರದ ಕುರಿತ 2022ರ ರಾಜ್ಯದ ಕಾನೂನಿನ ಅನಂತರ ಈ ಪ್ರಲೋಭನೆ ಹೆಚ್ಚಿದೆ. ಸಹೋದರನನ್ನು ಬಿಟ್ಟುಕೊಟ್ಟು ಗಳಿಸಿದ ನೆರೆಯ ಸ್ನೇಹ ಚಿಯಾಂಗ್ ಮಾಯ್ ಹೇಳಿದ ಸಮುದಾಯವಲ್ಲ.

ಬಸವೇಶ್ವರನಗರ ಹನ್ನೆರಡನೆಯ ಶತಮಾನದ ಶರಣರೊಬ್ಬರ ಹೆಸರನ್ನು ಹೊತ್ತಿದೆ. ನಮ್ಮ ವಿದ್ಯಾರ್ಥಿಗಳು ವಚನಗಳನ್ನು ಧರ್ಮಗಳ ಪತ್ರಿಕೆಗಾಗಿ ಓದಿ, ಅಂಕ ಪಡೆದು, ದೀಕ್ಷಾಭಿಷೇಕದ ಅನಂತರ ಮರೆಯುತ್ತಾರೆ. ಸಭಾಪಾಲನಾ ಸಮಿತಿಯ ಕಾರ್ಯಸೂಚಿಯಲ್ಲಿ ದುರಸ್ತಿ, ಸ್ಮಶಾನ, ಕಾಣಿಕೆಗಳ ಜೊತೆ ನೆರೆಯವರೂ ಒಂದು ವಿಷಯವಾಗಲಿ: ಈ ತಿಂಗಳು ಯಾವ ಮಠಕ್ಕೆ, ಯಾವ ಮಸೀದಿಗೆ, ಯಾವ ಮಹಡಿಯ ಪ್ರಾರ್ಥನಾ ಕೂಟಕ್ಕೆ ಹೋದೆವು, ಅವರು ನಮ್ಮಲ್ಲಿಗೆ ಬಂದರೇ? ಕೇಂದ್ರದ ವಿಭಾಗ ಆ ವರದಿಗಳನ್ನು ಓದಿ, ಕಷ್ಟ ಬಂದಲ್ಲಿ ನೆರವಾಗಲಿ. ಸೆಮಿನರಿಯೂ ಕ್ಷೇತ್ರಕಾರ್ಯದ ಒಂದು ಅವಧಿಯನ್ನು ಇದಕ್ಕೇ ಮೀಸಲಿಡಬಹುದು. ಅದರ ಮೌಲ್ಯಮಾಪನದಲ್ಲಿ ನೆರೆಯವನ ಮಾತಿಗೂ ಅಂಕವಿರಲಿ.