ಬಾಟಲಿಯೊಳಗಿನ ಶ್ವಾಸಕೋಶ: ಒಂದು ಮಾದರಿಯ ವಿಮರ್ಶೆ

ಯಾವುದೇ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿ ನೋಡಿ. ಹೊಗೆಯುಗುಳುವ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಪುಟ್ಟ ಮನೆ ಇವುಗಳ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿಯೂ ಇರುವುದುಂಟು. ಅದರ ತಳ ಕತ್ತರಿಸಿ ರಬ್ಬರ್ ಹಾಳೆ ಬಿಗಿದಿರುತ್ತಾರೆ. ಮುಚ್ಚಳದ ಮೂಲಕ ‘ವೈ’ ಆಕಾರದ ಕೊಳವೆ ಇಳಿಸಿ, ಅದರ ಎರಡು ತುದಿಗಳಿಗೆ ಬಲೂನು ಕಟ್ಟಿರುತ್ತಾರೆ. ಹಾಳೆಯನ್ನು ಕೆಳಕ್ಕೆ ಎಳೆದರೆ ಬಲೂನುಗಳು ಹಿಗ್ಗುತ್ತವೆ, ಬಿಟ್ಟರೆ ಕುಗ್ಗುತ್ತವೆ. ಬಲೂನು ಶ್ವಾಸಕೋಶ, ಬಾಟಲಿ ಎದೆಗೂಡು, ರಬ್ಬರ್ ಹಾಳೆ ವಪೆ ಎಂದು ವಿದ್ಯಾರ್ಥಿ ವಿವರಿಸುತ್ತಾನೆ. ಎನ್‌ಸಿಇಆರ್‌ಟಿ 2007ರಲ್ಲಿ ಹೊರತಂದ ಏಳನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲೂ ಈ ಚಟುವಟಿಕೆ ಇತ್ತು.

ಕಡಿಮೆ ಖರ್ಚಿನಲ್ಲಿ ತಯಾರಾಗುವ, ಎಲ್ಲರಿಗೂ ಇಷ್ಟವಾಗುವ ಮಾದರಿ ಇದು. ಆದರೆ ಯಾವ ಮಾದರಿಯೂ ಮೂಲ ವಸ್ತುವಿನ ನಕಲಲ್ಲ. ಅದು ಯಾವುದನ್ನು ತೋರಿಸುತ್ತದೆ, ಯಾವುದನ್ನು ಮರೆಮಾಡುತ್ತದೆ ಎಂದು ಕೇಳುವುದು ಶಿಕ್ಷಕರ ಕೆಲಸ. ಈ ಬಾಟಲಿಯ ಬಗ್ಗೆ ಆ ಪ್ರಶ್ನೆಯನ್ನು ಯಾರೂ ಸಾಕಷ್ಟು ಕೇಳಿದಂತಿಲ್ಲ.

ಮಾದರಿಯ ಹೆಚ್ಚುಗಾರಿಕೆ

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಿಸೋಣ. ‘ಗಾಳಿ ಒಳಗೆ ಹೋಗುವುದರಿಂದ ಎದೆ ಹಿಗ್ಗುತ್ತದೆ’ ಎಂದೇ ಬಹಳ ಮಂದಿ ತಿಳಿದಿದ್ದಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಎದೆ ಹಿಗ್ಗುವುದರಿಂದ ಗಾಳಿ ಒಳಗೆ ಹೋಗುತ್ತದೆ. ಮುಚ್ಚಿದ ಸ್ಥಳದ ಗಾತ್ರ ಹೆಚ್ಚಿದರೆ ಅಲ್ಲಿನ ಅನಿಲದ ಒತ್ತಡ ತಗ್ಗುತ್ತದೆ ಎಂಬುದು ಬಾಯ್ಲ್ ನಿಯಮ. ಒತ್ತಡ ತಗ್ಗಿದೆಡೆಗೆ ಹೊರಗಿನ ಗಾಳಿ ನುಗ್ಗುತ್ತದೆ. ಶ್ವಾಸಕೋಶ ತಾನಾಗಿ ಹಿಗ್ಗಲಾರದು, ಅದನ್ನು ಹಿಗ್ಗಿಸಬೇಕು. ಇಷ್ಟನ್ನು ಬಾಟಲಿ ಅರೆ ನಿಮಿಷದಲ್ಲಿ ಮನದಟ್ಟು ಮಾಡುತ್ತದೆ. 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ಜಾನ್ ಮೇಯೊ ತಿದಿಯೊಳಗೆ ಒಂದು ಚೀಲವನ್ನಿಟ್ಟು ಇದೇ ತತ್ತ್ವವನ್ನು ವಿವರಿಸಿದ್ದ.

ಇನ್ನೊಂದು ಗುಣವನ್ನು ನಾವು ಬಳಸಿಕೊಳ್ಳುವುದೇ ಕಡಿಮೆ. ಬಾಟಲಿಯ ಪಕ್ಕಕ್ಕೆ ಒಂದು ತೂತು ಕೊರೆದು ಹಾಳೆಯನ್ನು ಎಳೆಯಿರಿ. ಗಾಳಿ ತೂತಿನ ಮೂಲಕ ಒಳಬರುತ್ತದೆ, ಬಲೂನು ಹಿಗ್ಗುವುದಿಲ್ಲ. ಅಪಘಾತದಲ್ಲಿ ಎದೆಯ ಗೋಡೆಗೆ ತೂತಾದಾಗ ಶ್ವಾಸಕೋಶ ಕುಸಿಯುವುದಕ್ಕೂ ಇದೇ ಬಗೆಯ ಕಾರಣವಿದೆ.

ಎಲ್ಲೆಲ್ಲಿ ಎಡವುತ್ತದೆ?

ಮೊದಲನೆಯದು, ಗೋಡೆ. ಬಾಟಲಿಯ ಗೋಡೆ ಅಲುಗುವುದಿಲ್ಲ, ಎದೆಗೂಡು ಅಲುಗುತ್ತದೆ. ಉಚ್ಛ್ವಾಸದಲ್ಲಿ ಮೇಲಿನ ಪಕ್ಕೆಲುಬುಗಳು ಬೋರ್‌ವೆಲ್ ಕೈಪಂಪಿನ ಹಿಡಿಯಂತೆ ಮುಂದಕ್ಕೂ ಮೇಲಕ್ಕೂ ಏಳುತ್ತವೆ. ಕೆಳಗಿನವು ಬಕೆಟ್ಟಿನ ಹಿಡಿಕೆಯಂತೆ ಪಕ್ಕಕ್ಕೆ ಎತ್ತಿಕೊಳ್ಳುತ್ತವೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಗೆ ಈ ಮಾದರಿಯಲ್ಲಿ ಜಾಗವೇ ಇಲ್ಲ.

ಎರಡನೆಯದು, ವಪೆಯ ಆಕಾರ. ಮಾದರಿಯಲ್ಲಿ ಹಾಳೆ ಮೊದಲು ಚಪ್ಪಟೆಯಾಗಿದ್ದು, ಎಳೆದಾಗ ಕೆಳಕ್ಕೆ ಉಬ್ಬುತ್ತದೆ. ದೇಹದಲ್ಲಿ ವಪೆ ಮೊದಲು ಗುಮ್ಮಟದಂತೆ ಮೇಲಕ್ಕೆ ಉಬ್ಬಿದ್ದು, ಸಂಕುಚಿಸಿದಾಗ ಚಪ್ಪಟೆಯಾಗುತ್ತಾ ಕೆಳಗಿಳಿಯುತ್ತದೆ. ಸಾಮಾನ್ಯ ಉಸಿರಾಟದಲ್ಲಿ ಈ ಇಳಿತ ಒಂದೆರಡು ಸೆಂಟಿಮೀಟರ್ ಮಾತ್ರ.

ಮೂರನೆಯದು, ನಡುವಿನ ಜಾಗ. ಬಾಟಲಿಗೂ ಬಲೂನಿಗೂ ನಡುವೆ ಬೇಕಾದಷ್ಟು ಗಾಳಿಯಿದೆ. ಎದೆಯಲ್ಲಿ ಹಾಗಿಲ್ಲ. ಶ್ವಾಸಕೋಶವನ್ನು ಹೊದ್ದ ಪ್ಲೂರಾ ಪೊರೆಗೂ ಎದೆಯ ಒಳಗೋಡೆಗೆ ಅಂಟಿದ ಪ್ಲೂರಾ ಪೊರೆಗೂ ನಡುವೆ ಇರುವುದು ಕೆಲವೇ ಮಿಲಿಲೀಟರ್ ದ್ರವದ ತೆಳುಪದರ. ಎರಡು ಗಾಜಿನ ಪಟ್ಟಿಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ. ಅವು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ, ಆದರೆ ಬಿಡಿಸಿ ಎತ್ತುವುದು ಕಷ್ಟ. ಶ್ವಾಸಕೋಶ ಎದೆಗೂಡನ್ನು ಹಿಂಬಾಲಿಸುವುದೂ ಹೀಗೆಯೇ.

ನಾಲ್ಕನೆಯದು, ಬಲೂನು. ಶ್ವಾಸಕೋಶ ಟೊಳ್ಳು ಚೀಲವಲ್ಲ, ಸ್ಪಂಜಿನಂಥ ಅಂಗ. ಬಲಗಡೆ ಮೂರು, ಎಡಗಡೆ ಎರಡು ಹಾಲೆಗಳಿದ್ದು, ಅವುಗಳಲ್ಲಿ ಕೋಟಿಗಟ್ಟಲೆ ವಾಯುಕೋಶಗಳಿವೆ. ಮಾದರಿಯ ಬಲೂನು ಪ್ರತಿಸಲವೂ ಬರಿದಾಗುತ್ತದೆ. ವಯಸ್ಕರಲ್ಲಿ ಸಾಧಾರಣ ನಿಶ್ವಾಸದ ಬಳಿಕವೂ ಎರಡು ಲೀಟರಿಗೂ ಹೆಚ್ಚು ಗಾಳಿ ಒಳಗೇ ಉಳಿಯುತ್ತದೆ. ಒಂದು ಉಸಿರಿನಲ್ಲಿ ಹೋಗಿಬರುವುದು ಸುಮಾರು 500 ಮಿಲಿಲೀಟರ್ ಮಾತ್ರ.

ಐದನೆಯದು, ಒತ್ತಡದ ಪ್ರಮಾಣ. ಹೊಸ ಬಲೂನು ಊದಿದರೆ ಕೆನ್ನೆ ನೋಯುತ್ತದೆ, ಉಸಿರಾಡಿದರೆ ನೋಯುವುದಿಲ್ಲ. ಇದಕ್ಕೆ ಜೋಯಿಡಾ ತಾಲ್ಲೂಕಿನ ಗಡಿಯೂರು ಅನಮೋಡದ ಮಕ್ಕಳಿಗೆ ಒಳ್ಳೆಯ ಉದಾಹರಣೆ ಕೈಗೆಟಕುವಂತಿದೆ. ಘಟ್ಟದ ಬುಡದಲ್ಲಿರುವ ಗೋವೆಯ ಮೊಲೆಂನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಅನಮೋಡಕ್ಕೆ ಬರುವಷ್ಟರಲ್ಲಿ ಇನ್ನಷ್ಟು ಉಬ್ಬಿ ಬಿಗಿಯುತ್ತದೆ. ನೂರು ಮೀಟರ್ ಏರಿದರೆ ವಾಯುವಿನ ಒತ್ತಡ ಸುಮಾರು ಶೇಕಡಾ 1.2ರಷ್ಟು ಇಳಿಯುತ್ತದೆ. ಇನ್ನು ಉಸಿರಿನ ಲೆಕ್ಕ ನೋಡಿ. ನಿರಾಳವಾಗಿ ಉಸಿರೆಳೆದಾಗ ವಾಯುಕೋಶಗಳಲ್ಲಿ ಒತ್ತಡ ಇಳಿಯುವುದು ಒಂದು ಸೆಂಟಿಮೀಟರ್ ಎತ್ತರದ ನೀರಿನ ಒತ್ತಡದಷ್ಟು, ಅಂದರೆ ಸುಮಾರು ಎಂಟು ಮೀಟರ್ ಮೆಟ್ಟಿಲೇರಿದಾಗ ಆಗುವ ವ್ಯತ್ಯಾಸದಷ್ಟು! ಇಷ್ಟು ಅಲ್ಪ ವ್ಯತ್ಯಾಸಕ್ಕೆ ಅರ್ಧ ಲೀಟರ್ ಗಾಳಿ ಒಳಬರಲು ಶ್ವಾಸಕೋಶ ಬಲು ಮೆದುವಾಗಿರಬೇಕು. ವಾಯುಕೋಶಗಳ ಒಳಮೈಗೆ ಸವರಿಕೊಂಡ, ಮೇಲ್ಮೈ ಸೆಳೆತವನ್ನು ತಗ್ಗಿಸುವ ದ್ರವ್ಯದಿಂದ ಇದು ಸಾಧ್ಯವಾಗಿದೆ.

ಎಳೆಯುವ ಕೈ ಯಾರದು?

ಇವೆಲ್ಲ ತಿದ್ದಬಹುದಾದ ಕೊರತೆಗಳು. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ಮಾದರಿಯಲ್ಲಿ ಹಾಳೆಯನ್ನು ಎಳೆಯುವುದು ವಿದ್ಯಾರ್ಥಿಯ ಕೈ. ದೇಹದಲ್ಲಿ ಆ ಕೈ ಯಾರದು?

ಎಳೆಯುವುದು ವಪೆಯೇ. ಅದು ರಬ್ಬರಿನಂಥ ಜಡ ಹಾಳೆಯಲ್ಲ, ಸ್ನಾಯು. ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರದಿಂದ ಹೊರಟ ಆಜ್ಞೆ ಕತ್ತಿನ ಭಾಗದಲ್ಲಿ ಬೆನ್ನುಹುರಿಯಿಂದ ಹೊರಬೀಳುವ ನರಗಳ ಮೂಲಕ ವಪೆಯನ್ನು ತಲುಪುತ್ತದೆ. ನರದ ತುದಿಯಿಂದ ಒಸರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ನಾಯುವನ್ನು ಸಂಕುಚಿಸುತ್ತದೆ. ನಿಶ್ವಾಸಕ್ಕೆ ಸಾಮಾನ್ಯವಾಗಿ ಯಾರೂ ತಳ್ಳಬೇಕಿಲ್ಲ. ಸ್ನಾಯು ಸಡಿಲವಾದೊಡನೆ ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕತೆಯಿಂದಲೇ ಹಿಂದಿರುಗುತ್ತದೆ. ಹಾಳೆಯನ್ನು ಮೇಲಕ್ಕೆ ತಳ್ಳಿ ಎಂದು ಹೇಳಿಕೊಡುವುದು ಈ ದೃಷ್ಟಿಯಿಂದಲೂ ದಾರಿ ತಪ್ಪಿಸುತ್ತದೆ.

ಇದು ಪರೀಕ್ಷೆಯ ಅಂಕಗಳ ವಿಷಯವಷ್ಟೇ ಅಲ್ಲ. ಅನಮೋಡ ಕಾಡಿನ ನಡುವಿನ ಊರು. ದಾಂಡೇಲಿ-ಅಣಶಿ ಎಂಬ ಹೆಸರಿದ್ದು 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎನಿಸಿಕೊಂಡ ಅರಣ್ಯ ಇದೇ ಸೀಮೆಯದು. ಇಂಥ ಊರುಗಳಲ್ಲಿ ಹಾವು ಕಡಿತ ದೂರದ ಸುದ್ದಿಯಲ್ಲ. ನಾಗರಹಾವು ಮತ್ತು ಕಟ್ಟುಹಾವುಗಳ (ಮರಾಠಿಯಲ್ಲಿ ಮಣ್ಯಾರ) ವಿಷ ದಾಳಿಯಿಡುವುದು ನರ ಮತ್ತು ಸ್ನಾಯು ಕೂಡುವ ಜಾಗದ ಮೇಲೆ. ನಾಗರಹಾವಿನ ವಿಷ ಸ್ನಾಯುವಿನ ಕಡೆಯ ಗ್ರಾಹಕಗಳನ್ನು ಮುಚ್ಚುತ್ತದೆ. ಕಟ್ಟುಹಾವಿನ ವಿಷ ಮುಖ್ಯವಾಗಿ ನರದ ತುದಿಯನ್ನೇ ಕೆಡಿಸುತ್ತದೆ. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವು, ಬಾವು ಅಷ್ಟಾಗಿ ಇರುವುದಿಲ್ಲ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳು ನಿಶ್ಚೇಷ್ಟಿತವಾಗುತ್ತವೆ.

ಆಗ ಆ ವ್ಯಕ್ತಿಯ ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ. ಶ್ವಾಸನಾಳ ತೆರೆದಿದೆ, ಹೃದಯ ಬಡಿಯುತ್ತಿದೆ. ಬಾಟಲಿ, ಬಲೂನು, ಹಾಳೆ ಎಲ್ಲ ಸರಿಯಿವೆ. ಎಳೆಯುವ ಕೈ ಮಾತ್ರ ಇಲ್ಲ. ಬಾಟಲಿಯ ಮಾದರಿಯಿಂದಷ್ಟೇ ಕಲಿತ ವಿದ್ಯಾರ್ಥಿಗೆ ಈ ಸಾವು ಅರ್ಥವಾಗುವುದಿಲ್ಲ. ಅರ್ಥ ಮಾಡಿಕೊಂಡವನಿಗೆ ಮಾತ್ರ ಹೊರಗಿನಿಂದ ಉಸಿರು ಕೊಟ್ಟರೆ ಈ ಮನುಷ್ಯ ಬದುಕಬಹುದು ಎಂದು ಹೊಳೆಯುತ್ತದೆ.

ಇದು ಬರಿಯ ಊಹೆಯಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಆಸ್ಪತ್ರೆ ತುಂಬಿದರು. 1928ರಿಂದ ಬಳಕೆಗೆ ಬಂದಿದ್ದ ‘ಕಬ್ಬಿಣದ ಶ್ವಾಸಕೋಶ’ ಎಂಬ ಯಂತ್ರಗಳು ಸಾಲಲಿಲ್ಲ. ಆ ಯಂತ್ರ ನಮ್ಮ ಬಾಟಲಿಯ ತತ್ತ್ವದ್ದೇ. ರೋಗಿಯ ಕತ್ತಿನಿಂದ ಕೆಳಗಿನ ಮೈಯನ್ನು ಪೆಟ್ಟಿಗೆಯಲ್ಲಿಟ್ಟು ಸುತ್ತಲಿನ ಒತ್ತಡ ಇಳಿಸುವುದು. ವೈದ್ಯ ಬ್ಯೋರ್ನ್ ಇಬ್ಸೆನ್ ತಿರುವು ದಾರಿ ಹಿಡಿದರು. ಶ್ವಾಸನಾಳಕ್ಕೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿಯನ್ನು ಒಳಕ್ಕೆ ತಳ್ಳುವ ಕ್ರಮ ಅದು. ವೈದ್ಯಕೀಯ ವಿದ್ಯಾರ್ಥಿಗಳು ಹಗಲೂ ರಾತ್ರಿಯೂ ಪಾಳಿಯ ಮೇಲೆ ಕುಳಿತು ಚೀಲ ಒತ್ತಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. 2020ರ ಕೋವಿಡ್ ದಿನಗಳಲ್ಲಿ ಮನೆಮಾತಾದ ವೆಂಟಿಲೇಟರ್ ಇದೇ ಕೆಲಸವನ್ನು ಯಂತ್ರದಿಂದ ಮಾಡಿಸುತ್ತದೆ.

ಅನಮೋಡದಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ಘಟ್ಟ ಇಳಿದು ಗೋವೆಗೆ, ಇಲ್ಲವೇ ಬೆಳಗಾವಿಗೆ ಹೋಗಬೇಕು. ಎರಡೂ ಗಂಟೆಗೂ ಮೇಲಿನ ಹಾದಿ. ವಿಷ ಹೊಡೆಯುವುದು ಉಸಿರಾಟದ ಸ್ನಾಯುವನ್ನು ಎಂದು ತಿಳಿದವರು ಕಟ್ಟು ಬಿಗಿಯುವುದರಲ್ಲಿ, ಗಾಯ ಕೊಯ್ಯುವುದರಲ್ಲಿ, ನಾಟಿ ಮದ್ದಿನಲ್ಲಿ ಹೊತ್ತು ಕಳೆಯುವುದಿಲ್ಲ. ಕಡಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸುತ್ತಾರೆ. ರೆಪ್ಪೆ ಜೋತಿದೆಯೇ, ಉಸಿರು ಸಣ್ಣಗಾಗುತ್ತಿದೆಯೇ ಎಂದು ದಾರಿಯುದ್ದಕ್ಕೂ ಗಮನಿಸುತ್ತಾರೆ. ಉಸಿರು ನಿಂತರೆ ಬಾಯಿಗೆ ಬಾಯಿ ಹಚ್ಚಿ ಉಸಿರು ಕೊಡುತ್ತಾರೆ. ಕಟ್ಟುಹಾವಿನ ವಿಷದಿಂದ ಒಮ್ಮೆ ಕೆಟ್ಟ ನರತುದಿ ಪ್ರತಿವಿಷ ಕೊಟ್ಟೊಡನೆ ಸರಿಹೋಗುವುದಿಲ್ಲ. ಕೆಲವರಿಗೆ ಹಲವು ದಿನ ವೆಂಟಿಲೇಟರ್ ಬೇಕಾಗುತ್ತದೆ. ಅಷ್ಟು ದಿನ ಉಸಿರು ಸಿಕ್ಕರೆ ಅವರು ಪೂರ್ತಿ ಚೇತರಿಸಿಕೊಳ್ಳಬಲ್ಲರು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ತರಗತಿಯಲ್ಲೂ ಅದಕ್ಕೆ ತಕ್ಕ ಪಾಠ ನಡೆಯಬೇಡವೇ?

ಬಾಟಲಿಯನ್ನು ಬಿಸಾಡಬೇಕೆ?

ಬೇಡ. ಅದನ್ನು ಪಾಠದ ಕೊನೆ ಎಂದುಕೊಳ್ಳದೆ ಮೊದಲು ಎಂದುಕೊಂಡರೆ ಸಾಕು. ಪ್ರಯೋಗ ತೋರಿಸಿದ ಮೇಲೆ ‘ಇದರಲ್ಲಿ ಏನೇನು ನಿಜವಲ್ಲ?’ ಎಂದು ಕೇಳಿ, ಮಕ್ಕಳೇ ಪಟ್ಟಿ ಮಾಡಲಿ. ದರ್ಜಿಯ ಟೇಪಿನಿಂದ ಉಸಿರೆಳೆದಾಗ ಮತ್ತು ಬಿಟ್ಟಾಗ ಎದೆಯ ಸುತ್ತಳತೆ ಅಳೆಯಲಿ, ಬಾಟಲಿಯ ಗೋಡೆ ಸುಳ್ಳೆಂದು ಅವರಿಗೇ ತಿಳಿಯುತ್ತದೆ. ಗಾಜಿನ ಪಟ್ಟಿ ಮತ್ತು ನೀರಿನ ಹನಿಯಿಂದ ಪ್ಲೂರಾ ಪದರವನ್ನು ಅರಿಯಲಿ. ಕೊನೆಯಲ್ಲಿ ಹಾಳೆಯನ್ನು ಎಳೆಯುವುದನ್ನು ನಿಲ್ಲಿಸಿ ಕೇಳಿ: ‘ಈಗ ಕೈ ನಿಂತಿತು. ಬಲೂನಿಗೆ ಗಾಳಿ ಹೋಗಬೇಕು. ಏನು ಮಾಡುತ್ತೀರಿ?’

ಯಾರಾದರೊಬ್ಬರು ಮೇಲಿನ ಕೊಳವೆಗೆ ಬಾಯಿಟ್ಟು ಊದುತ್ತಾರೆ. ಬಲೂನು ಹಿಗ್ಗುತ್ತದೆ, ರಬ್ಬರ್ ಹಾಳೆ ತಾನಾಗಿ ಕೆಳಕ್ಕೆ ಉಬ್ಬುತ್ತದೆ. ಅದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಉಸಿರಾಟದ ಪಾಠವೂ ಪ್ರಥಮ ಚಿಕಿತ್ಸೆಯ ಪಾಠವೂ ಒಟ್ಟಿಗೇ ಆಗಿರುತ್ತದೆ.