ಸ್ಯಾವೇಜ್‌ನ ಬೋಲ್‌ಮನ್ ಸೇತುವೆ

ಸರಳುಗಳನ್ನು ತ್ರಿಕೋನಗಳಾಗಿ ಹೆಣೆದು ಭಾರವನ್ನು ಹಂಚುವ ರಚನೆಗೆ ಟ್ರಸ್ ಎಂದು ಹೆಸರು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸ್ಯಾವೇಜ್ ಎಂಬ ಹಳೆಯ ಗಿರಣಿಯೂರಿನಲ್ಲಿ ಲಿಟಲ್ ಪಟುಕ್ಸೆಂಟ್ ನದಿಯನ್ನು ದಾಟುವ ಕಬ್ಬಿಣದ ರೈಲು ಸೇತುವೆಯು ಅದರ ಅಪರೂಪದ ಮಾದರಿ. ಬಡಗಿಯ ಕೆಲಸ ಮಾಡಿಕೊಂಡಿದ್ದು, ಸ್ವಂತ ಕಲಿಕೆಯಿಂದಲೇ ಎಂಜಿನಿಯರಾದ ವೆಂಡೆಲ್ ಬೋಲ್‌ಮನ್ 1852ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ, ಒತ್ತಡವನ್ನು ಹೊರುವ ಮೇಲ್ತೊಲೆ ಮತ್ತು ಕಂಬಗಳು ಎರಕದ ಕಬ್ಬಿಣದವು. ಎರಕವು ಎಳೆತಕ್ಕೆ ಥಟ್ಟನೆ ಬಿರಿಯುವುದರಿಂದ, ಜಗ್ಗುವ ಸರಳುಗಳನ್ನು ಬಾಗಿ ತಾಳಿಕೊಳ್ಳಬಲ್ಲ ಮೆದು ಕಬ್ಬಿಣದಲ್ಲಿ ಮಾಡಲಾಗಿದೆ. ತುದಿಗೋಪುರಗಳ ನೆತ್ತಿಯಿಂದ ಬೀಸಣಿಗೆಯಂತೆ ಹರಡಿಕೊಂಡ ಈ ಸರಳುಗಳು ಒಂದೊಂದು ಅಡ್ಡತೊಲೆಯನ್ನೂ ಪ್ರತ್ಯೇಕವಾಗಿ ಎತ್ತಿ ಹಿಡಿದಿರುವುದರಿಂದ, ಒಂದು ಕೈಕೊಟ್ಟ ಮಾತ್ರಕ್ಕೆ ಇಡೀ ಸೇತುವೆ ಕುಸಿಯುವುದಿಲ್ಲ. ಕಬ್ಬಿಣದ ಮಿತವ್ಯಯಕ್ಕಿಂತ ಎಚ್ಚರಿಕೆಗೇ ಇಲ್ಲಿ ಹೆಚ್ಚು ಬೆಲೆ ಸಂದಿದೆ ಎನ್ನಬೇಕು.

1869ರಲ್ಲಿ ಬೇರೊಂದು ಸ್ಥಳದಲ್ಲಿ ಕಟ್ಟಲಾದ ಈ ಸೇತುವೆಯನ್ನು ಬಿಚ್ಚಿ, 1887ರಲ್ಲಿ ಇಲ್ಲಿಗೆ ತಂದು ಮರುಜೋಡಿಸಲಾಯಿತು. ಹೀಗೆ ಮುಖ್ಯ ಮಾರ್ಗದಿಂದ ಗಿರಣಿಯ ಕವಲುಹಳಿಗೆ ಸರಿದದ್ದೇ ಅದನ್ನು ಉಳಿಸಿದಂತೆ ತೋರುತ್ತದೆ, ಏಕೆಂದರೆ ಭಾರವಾದ ಎಂಜಿನ್‌ಗಳು ಬಂದಂತೆ ಅದರ ಜೊತೆಯವುಗಳೆಲ್ಲ ಕಣ್ಮರೆಯಾಗಿ, ಈ ಬಗೆಯ ರೈಲು ಸೇತುವೆಗಳಲ್ಲಿ ಇದೊಂದೇ ಉಳಿದಿದೆ. ಎಂಜಿನಿಯರಿಂಗ್ ಪರಂಪರೆಯನ್ನು ದಾಖಲಿಸಲು 1969ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯು ತಯಾರಿಸಿದ ಇದರ ಅಳತೆಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.